ನೀಲಿ ಪೇಂಟಿನ ಹೆಸರು

ಎಪ್ರಿಲ್ 3, 2025, ಗುರುವಾರ

ಇವತ್ತು ನನ್ನ ಹೆಸರನ್ನು ಯಾರದೋ ಮನೆಯ ಬಚ್ಚಲಿನಲ್ಲಿ ಕಂಡೆ.

ನಡೆದದ್ದನ್ನು ಸಾಲಾಗಿ ಬರೆದರೆ ಮನಸ್ಸು ಸ್ವಲ್ಪ ಹಗುರಾಗಬಹುದು. ಕಾಪುವಿನಿಂದ ಕಾರ್ಕಳದವರೆಗೆ ನಲವತ್ತು ಬಾವಿಗಳ ನೀರು ತಂದು ಪರೀಕ್ಷಿಸುವ ಕೆಲಸ ನನ್ನದು. ಮಣಿಪಾಲದ ಪ್ರಯೋಗಾಲಯಕ್ಕೆ ಸಹಾಯಕಿಯಾಗಿ ಸೇರಿ ಎಂಟು ತಿಂಗಳಾಯಿತು. ಇದನ್ನು ಚೆನ್ನಾಗಿ ಮುಗಿಸಿದರೆ ಪಿಎಚ್.ಡಿ.ಗೆ ತೆಗೆದುಕೊಳ್ಳುತ್ತೇನೆ ಎಂದು ನಮ್ಮ ಮುಖ್ಯಸ್ಥೆ ರೀನಾ ಮೇಡಂ ಹೇಳಿದ್ದಾರೆ. ಇವತ್ತಿನದು ಬಾವಿ-17. ಕಾರ್ಕಳದ ದಾರಿಯಲ್ಲಿ ಬಸ್ಸಿಳಿದು ಒಳಗೆ ಒಂದು ಮೈಲಿ ನಡೆದರೆ ಹಾಳುಬಿದ್ದ ಕೆಂಪುಕಲ್ಲಿನ ಕೋರೆ. ಅದರ ಕೆಳಬದಿಗೆ ಐದು ಬಾಡಿಗೆ ಕೋಣೆಗಳು, ಎದುರಿಗೆ ಬಾವಿ. ಅಲ್ಲಿರುವವರೆಲ್ಲ ಕೊಪ್ಪಳದ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು.

ಹಗಲು ಹೊತ್ತು, ಎಲ್ಲರೂ ಕೆಲಸಕ್ಕೆ ಹೋಗಿದ್ದರು. ಇದ್ದದ್ದು ಹುಲಿಗೆವ್ವ ಎನ್ನುವ ಅಜ್ಜಿ, ಅವಳ ತೋಳಿನಲ್ಲಿ ಮೂರು ತಿಂಗಳ ಮೊಮ್ಮಗಳು. ಬಾಟಲಿ ತುಂಬಿಸಿ, ಎಲ್ಲರಿಗೂ ಹೇಳುವ ಮಾತನ್ನೇ ಹೇಳಿದೆ. "ನೀರು ಚೆನ್ನಾಗಿ ಕುದಿಸಿ ಕುಡಿಯಿರಿ ಅಜ್ಜಿ. ಮಗುವಿಗಂತೂ ಕುದಿಸದೆ ಕೊಡಲೇಬೇಡಿ."

"ನೀವು ಓದಿದೋರು ಹೇಳಿದ ಮ್ಯಾಲೆ ಹಂಗ ಮಾಡ್ತೀನ್ರಿ" ಎಂದಳು. "ಸೊಸಿಗೆ ಎದಿಹಾಲು ಸಾಲಂಗಿಲ್ಲ. ಡಬ್ಬಿ ಪುಡಿ ಕಲಸೇ ಸಾಕಾಕ ಹತ್ತೀವಿ."

ಕೈ ತೊಳೆಯಲು ಹಿಂದೆ ಹೋದೆ. ನಾಲ್ಕು ಕಂಬ ನೆಟ್ಟು ಸುತ್ತ ಪ್ಲಾಸ್ಟಿಕ್ ಗೋಣಿಚೀಲ ಕಟ್ಟಿದ ಬಚ್ಚಲು. ಒಂದು ಚೀಲದ ಮೇಲೆ ನೀಲಿ ಪೇಂಟಿನಲ್ಲಿ ಬರೆದಿತ್ತು: ಯಶ್ಮಿತಾ. ಕಾಪು. 10ನೇ ಸಿ. ಕೆಳಗೊಂದು ಮೀನಿನ ಚಿತ್ರ, ಬಾಲ ದೊಡ್ಡದು, ಮೂತಿ ಚಿಕ್ಕದು. ಮೀನನ್ನು ಅಷ್ಟು ಕೆಟ್ಟದಾಗಿ ಬರೆಯುವವಳು ನಾನೊಬ್ಬಳೇ.

ಹತ್ತನೇ ಕ್ಲಾಸಿನಲ್ಲಿ ಪ್ರತಿ ಭಾನುವಾರ ಕಾಪುವಿನ ಕಡಲತೀರದ ಕಸ ಹೆಕ್ಕುತ್ತಿದ್ದೆವು. ಡ್ರಿಲ್ ಮಾಸ್ಟ್ರು ದೇವದಾಸರು ಕಟ್ಟಿದ ಯುವಕ ಸಂಘ ಅದು. ಯಾರು ಎಷ್ಟು ಚೀಲ ತುಂಬಿದರು ಎಂದು ತಿಳಿಯಬೇಕಲ್ಲ, ಅದಕ್ಕೆ ಚೀಲದ ಮೇಲೆ ಅವರವರ ಹೆಸರು ಬರೆಯಬೇಕಿತ್ತು. ಪೆನ್ನಿನ ಶಾಯಿ ಉಪ್ಪುನೀರಿಗೆ ಹೋಗುತ್ತದೆ ಎಂದು ಮಾಸ್ಟ್ರು ಮಲ್ಪೆಯಿಂದ ಬೋಟಿಗೆ ಬಳಿದು ಉಳಿದ ಪೇಂಟು ತರುತ್ತಿದ್ದರು. ಆ ವರ್ಷ ನನ್ನದು ನೂರ ನಲವತ್ತು ಚೀಲ, ಮೊದಲ ಬಹುಮಾನ. ಆ ಸರ್ಟಿಫಿಕೇಟು ತೋರಿಸಿಕೊಂಡೇ ಕಾಲೇಜು, ಮಣಿಪಾಲ ಎಲ್ಲ ಹತ್ತಿದೆ. ಚೀಲಗಳು ಸುಂದರಣ್ಣನ ಟೆಂಪೋದಲ್ಲಿ ಹೋಗುತ್ತಿದ್ದವು. ಎಲ್ಲಿಗೆ ಎಂದು ನನಗೆ ಗೊತ್ತಿರಲಿಲ್ಲ.

"ಕೋರ್‍ಯಾಗ ಬೇಕಾದಷ್ಟು ಬಿದ್ದಾವ್ರಿ, ಒಗದು ಕಟ್ಟೀವಿ" ಎಂದಳು ಹುಲಿಗೆವ್ವ, ನಾನು ನೋಡುವುದನ್ನು ನೋಡಿ. "ಏನರ ಬರದೈತೇನ್ರಿ ಅದರಾಗ? ನನಗ ಓದಾಕ ಬರಂಗಿಲ್ಲ."

"ಅಳಿಸಿಹೋಗಿದೆ ಅಜ್ಜಿ" ಎಂದೆ. ಕುಂಬಳಕಾಯಿ ಕಳ್ಳನ ಹಾಗೆ ಕೈ ತಾನಾಗಿ ಕುತ್ತಿಗೆಗೆ ಹೋಯಿತು. ಐಡಿ ಕಾರ್ಡನ್ನು ಹಿಂದುಮುಂದಾಗಿ ತಿರುಗಿಸಿಕೊಂಡೆ. ಓದಲು ಬಾರದವಳ ಎದುರು!

ಎಪ್ರಿಲ್ 6, ಭಾನುವಾರ

ಮಾಸ್ಟ್ರ ಫೋನು. ಜೂನ್ ಐದರ ಪರಿಸರ ದಿನಕ್ಕೆ ಸಂಘದಿಂದ ನನಗೆ ಸನ್ಮಾನವಂತೆ. ಬ್ಯಾನರಿನಲ್ಲಿ "ಸ್ವಯಂಸೇವಕಿಯಿಂದ ಸಂಶೋಧಕಿಯವರೆಗೆ" ಎಂದು ಹಾಕಿಸುತ್ತಾರಂತೆ. "ಹತ್ತು ನಿಮಿಷ ಮಾತಾಡಬೇಕು ಮಗಾ, ಮಕ್ಕಳಿಗೆ ಸ್ಫೂರ್ತಿ ಬರುವ ಹಾಗೆ." ಅಮ್ಮ ಆಗಲೇ ಸೀರೆ ತೆಗೆದಿಟ್ಟಿದ್ದಾಳೆ, ಬ್ಲೌಸು ಹೊಲಿಸಲು ಕೊಡುತ್ತಾಳಂತೆ. ನಾನು ನಕ್ಕೆ.

ಯಾರಾದರೂ ಆ ಚೀಲ ನೋಡಿದರೆ? ಫೋಟೋ ತೆಗೆದು ವಾಟ್ಸಾಪಿಗೆ ಹಾಕಿದರೆ? ನನ್ನ ಹೆಸರು ಇಡೀ ಜಿಲ್ಲೆಯಲ್ಲಿ ಎಷ್ಟು ಜನರಿಗಿರಬಹುದು ಎಂದು ಲೆಕ್ಕ ಹಾಕಿದೆ. ಕಾಪುವಿನಲ್ಲಿ ಆ ವರ್ಷ 10ನೇ ಸಿ-ಯಲ್ಲಿ ಒಬ್ಬಳೇ.

ಎಪ್ರಿಲ್ 9, ಬುಧವಾರ

ಫಲಿತಾಂಶ ಬಂತು. ಬಾವಿ-17ರಲ್ಲಿ ನೈಟ್ರೇಟ್ ಲೀಟರಿಗೆ 118 ಮಿಲಿಗ್ರಾಂ. ಮಿತಿ 45.

ಮೊದಲು ಆದದ್ದು ಸಮಾಧಾನ. ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಕಡಲಿನ ಕಸದಲ್ಲಿ ಇರುವುದು ಬಾಟಲಿ, ಚಪ್ಪಲಿ, ಹರಿದ ಬಲೆ. ಅದರಿಂದ ನೈಟ್ರೇಟ್ ಬರುವುದಿಲ್ಲ. ಇದು ಸತ್ತ ಪ್ರಾಣಿಯದ್ದೋ ಶೌಚದ ಗುಂಡಿಯದ್ದೋ ಇರಬೇಕು. ನನ್ನ ಚೀಲಗಳದ್ದಲ್ಲ. ಹಾಯಾಗಿ ಕ್ಯಾಂಟೀನಿಗೆ ಹೋಗಿ ಚಹಾ ಹೇಳಿದೆ.

ಚಹಾ ಕುದಿಯುವುದನ್ನು ನೋಡುತ್ತಿದ್ದ ಹಾಗೆ ಅಜ್ಜಿಗೆ ಹೇಳಿ ಬಂದ ಮಾತು ನೆನಪಾಯಿತು.

ಕುದಿಸಿದರೆ ಕ್ರಿಮಿ ಸಾಯುತ್ತದೆ, ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾಗಿ ಕಡಿಮೆಯಾದಷ್ಟೂ ಅದು ಹೆಚ್ಚಾಗುತ್ತದೆ. ದೊಡ್ಡವರಿಗೆ ಹೇಗೋ ನಡೆದೀತು. ಆರು ತಿಂಗಳೊಳಗಿನ ಮಗುವಿಗೆ ಅದು ರಕ್ತಕ್ಕಿಳಿದರೆ ರಕ್ತ ಉಸಿರನ್ನು ಹೊರುವುದಿಲ್ಲ, ಮಗು ನೀಲಿಯಾಗುತ್ತದೆ. ಇದನ್ನು ಪರೀಕ್ಷೆಯಲ್ಲಿ ಐದು ಅಂಕಕ್ಕೆ ಬರೆದವಳು ನಾನು. ಚೆನ್ನಾಗಿ ಕುದಿಸಿ ಎಂದು ಹೇಳಿ ಬಂದವಳೂ ನಾನೇ.

ಎಪ್ರಿಲ್ 10, ಗುರುವಾರ

ರೀನಾ ಮೇಡಂಗೆ ಸಂಖ್ಯೆ ತೋರಿಸಿದೆ. "ಒಂದು ಸಲದ ಸಂಖ್ಯೆ ನಂಬಬೇಡ ಯಶ್ಮಿತಾ. ಇನ್ನೊಮ್ಮೆ ಮಾಡು. ಆ ನೀರು ಕುಡಿಯುವವರಲ್ಲಿ ಸಣ್ಣ ಮಕ್ಕಳು ಉಂಟಾ?" ಎಂದು ಕೇಳಿದರು.

"ನೋಡಬೇಕು ಮೇಡಂ" ಎಂದೆ.

ಉಂಟು ಎಂದರೆ ಅವರೇ ಕಾರು ತೆಗೆದುಕೊಂಡು ಹೊರಡುತ್ತಿದ್ದರು. ಬಚ್ಚಲು ನೋಡುತ್ತಿದ್ದರು. ಮೇಡಂ ಎಲ್ಲವನ್ನೂ ನೋಡುತ್ತಾರೆ.

ಎರಡನೇ ಸಲ 121.

ಎಪ್ರಿಲ್ 11, ಶುಕ್ರವಾರ

ಹೋಗಲಿಲ್ಲ. ಬಸ್‌ಸ್ಟ್ಯಾಂಡಿನವರೆಗೆ ಹೋಗಿ ವಾಪಸು ಬಂದೆ.

ಎಪ್ರಿಲ್ 12, ಶನಿವಾರ

ಬೆಳಿಗ್ಗೆ ಒಂಬತ್ತಕ್ಕೆ ಅಲ್ಲಿದ್ದೆ. ಚೀಲದಲ್ಲಿ ಎರಡು ಕ್ಯಾನ್ ನೀರು. ಒಲೆಯ ಮೇಲೆ ಪಾತ್ರೆ ಕೊತಕೊತ ಕುದಿಯುತ್ತಿತ್ತು, ನೀರು ಅರ್ಧಕ್ಕೆ ಇಳಿದಿತ್ತು. "ಭಾಳ ಹೊತ್ತು ಕುದಿಸ್ತೀನ್ರಿ ಮೇಡಂ, ನೀವು ಹೇಳಿದ್ದಕ್ಕ" ಎಂದು ಹುಲಿಗೆವ್ವ ನಕ್ಕಳು. ಹೊಗಳಿಕೆ ಕಾಯುವ ಮಗುವಿನ ಹಾಗೆ ನನ್ನ ಮುಖ ನೋಡಿದಳು.

"ಮಗು ಎಲ್ಲಿ?"

"ಮಲಗೈತ್ರಿ. ನಿನ್ನೆಯಿಂದ ಬರೇ ಮಲಗೋದು. ಅಳೂದಽ ಬಿಟ್ಟೈತಿ, ಶಾಣ್ಯಾ ಕೂಸು."

ಬಾಗಿಲಿನ ಬೆಳಕಿಗೆ ತಂದು ನೋಡಿದೆ. ತುಟಿ ನೇರಳೆ ಹಣ್ಣು ತಿಂದವರ ತುಟಿಯ ಹಾಗಿತ್ತು. ಉಗುರುಗಳೂ ಹಾಗೆಯೇ.

ರಸ್ತೆಯವರೆಗೆ ಓಡಿದ್ದು ನೆನಪಿದೆ. ರಿಕ್ಷಾದವನು "ಕಾರ್ಕಳವೋ ಉಡುಪಿಯೋ?" ಎಂದದ್ದಕ್ಕೆ "ಮಣಿಪಾಲ, ಎಲ್ಲಿಯೂ ನಿಲ್ಲಿಸಬೇಡಿ" ಎಂದು ಕಿರುಚಿದ್ದು ನೆನಪಿದೆ. ದಾರಿಯುದ್ದಕ್ಕೂ ಹುಲಿಗೆವ್ವ ಊರ ದೇವಿಯನ್ನು ಕರೆಯುತ್ತಿದ್ದಳು. ನಾನು ಮಗುವಿನ ಮೂಗಿನ ಹತ್ತಿರ ಬೆರಳು ಹಿಡಿದು ಕೂತಿದ್ದೆ, ಉಸಿರು ತಾಗಿದಾಗಲೆಲ್ಲ ನಾನೂ ಉಸಿರು ಬಿಡುತ್ತಿದ್ದೆ.

ಡಾಕ್ಟರು ತೆಗೆದ ರಕ್ತ ಕೆಂಪಾಗಿರಲಿಲ್ಲ, ಕಂದು ಬಣ್ಣ. "ಯಾವ ನೀರು ಕೊಡುತ್ತಿದ್ದಿರಿ?" ಎಂದರು. ನಾನು ಬಾವಿಯದ್ದು, ನೈಟ್ರೇಟ್ 121 ಎಂದೆ. ಅವರು ಮುಂದೆ ಏನೂ ಕೇಳದೆ ಒಳಗೆ ಓಡಿದರು. ನರ್ಸು ಒಂದು ಫಾರ್ಮು ಕೊಟ್ಟಳು, ಕರೆತಂದವರ ಹೆಸರು ಬರೆಯಲು. ಯಾರಿಗೂ ಓದಲಾಗದ ಹಾಗೆ ಗೀಚಿದೆ.

ಎಪ್ರಿಲ್ 13, ಭಾನುವಾರ

ಮಗು ಬದುಕಿದೆ. ಅವಳ ಹೆಸರು ಶಶಿಕಲಾ. ಮೂರು ತಿಂಗಳಿಗೆ ದೊಡ್ಡ ಹೆಸರು. ನೀಲಿ ಬಣ್ಣದ ಔಷಧಿಯನ್ನು ನರಕ್ಕೆ ಕೊಟ್ಟರಂತೆ, ಗಂಟೆಯೊಳಗೆ ತುಟಿಗೆ ಕೆಂಪು ಬಂತು. ಬೆಳಿಗ್ಗೆ ಆಸ್ಪತ್ರೆ ಹಾರಿಹೋಗುವಷ್ಟು ಅತ್ತಳು. ನಾನು ಗೋಡೆಗೆ ಮುಖ ಮಾಡಿ ಅತ್ತೆ.

ತಾಯಿ ನಾಗವೇಣಿ, ತಂದೆ ಯಮನೂರ ಇಬ್ಬರೂ ರಾತ್ರಿಯಿಂದ ಅಲ್ಲಿಯೇ ಇದ್ದಾರೆ. ಹುಲಿಗೆವ್ವ ಬಂದುಹೋಗುವವರಿಗೆಲ್ಲ ನನ್ನನ್ನು ತೋರಿಸುತ್ತಾಳೆ. "ಈ ಮೇಡಂ ಬರಲಿಲ್ಲಂದ್ರ ನಮ್ಮ ಕೂಸು ಹೋಗಿಬಿಡ್ತಿತ್ತು." ಯಮನೂರ ಕೈಮುಗಿದ. ಇಪ್ಪತ್ತಾರು ವರ್ಷದವನಿರಬೇಕು, ಅಂಗೈ ತುಂಬ ಸಿಮೆಂಟು ತಿಂದ ಗಾಯ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಮಗು ಇತ್ತು ಎಂದು ಮೇಡಂಗೆ ಫೋನಿನಲ್ಲಿ ಹೇಳಿದೆ. ಗುರುವಾರವೇ ನನಗೆ ಗೊತ್ತಿತ್ತು ಎಂದು ಹೇಳಲಿಲ್ಲ. ಅವರು ಆರೋಗ್ಯ ಇಲಾಖೆಯವರನ್ನು ಹಿಡಿದು ಸಂಜೆಯೊಳಗೆ ಬಾವಿಗೆ ಕೆಂಪು ಗುರುತು ಹಾಕಿಸಿ ಟ್ಯಾಂಕರ್ ನೀರಿನ ವ್ಯವಸ್ಥೆ ಮಾಡಿಸಿದರು.

ಎಪ್ರಿಲ್ 17, ಗುರುವಾರ

ಕೋರೆಯೊಳಗೆ ಇಳಿದೆ. ಒಬ್ಬಳೇ. ಮೂರು ಬದಿ ಮನೆಯೆತ್ತರದ ಕಡಿದಾದ ಕಲ್ಲು, ಒಂದು ಬದಿಯಿಂದ ಮಾತ್ರ ದಾರಿ. ಮೇಲ್ಗಡೆ ಕೋಳಿಯಂಗಡಿಗಳ ಪುಕ್ಕ ಮತ್ತು ಕರುಳಿನ ಮೂಟೆಗಳು. ಪಕ್ಕದಲ್ಲಿ ಶೌಚದ ಗುಂಡಿ ಖಾಲಿ ಮಾಡುವ ಟ್ಯಾಂಕರಿನವರು ಪೈಪು ಬಿಟ್ಟ ಜಾಗ, ಕಪ್ಪು, ಒದ್ದೆ. ಕೆಂಪುಕಲ್ಲು ಎಂದರೆ ತೂತು ತೂತು; ಮೇಲೆ ಸುರಿದದ್ದು ನೇರ ಬಾವಿಗೆ. ನೈಟ್ರೇಟಿನ ಮೂಲ ಸಿಕ್ಕಿತು. ಫೋಟೋ ತೆಗೆದೆ, ಅಳತೆ ಬರೆದುಕೊಂಡೆ.

ಕೋಲಿನಿಂದ ಕೆದಕಿದರೆ ಅಡಿಯಲ್ಲಿ ನಮ್ಮ ಚೀಲಗಳು. ಸುಕೇಶ್. ಗ್ಲೋರಿಯಾ. ಕೀರ್ತನ್. ಮತ್ತೆ ಮತ್ತೆ ಯಶ್ಮಿತಾ, ಯಶ್ಮಿತಾ. ನೀಲಿ ಬಣ್ಣ ಒಂಬತ್ತು ವರ್ಷಕ್ಕೂ ಮಾಸಿಲ್ಲ. ಬೋಟಿನ ಪೇಂಟಲ್ಲವಾ!

ನಮ್ಮವು ಎಲ್ಲಕ್ಕಿಂತ ಅಡಿಯಲ್ಲಿವೆ, ಅಂದರೆ ಎಲ್ಲಕ್ಕಿಂತ ಮೊದಲು ಬಂದದ್ದು. ಮುಳ್ಳುಗಿಡ ಕಡಿದು, ಕಲ್ಲು ಸರಿಸಿ ಟೆಂಪೋ ಇಳಿಯಲು ದಾರಿ ಮಾಡಿದ್ದು ನಾವು. ದಾರಿ ಇತ್ತು, ಕಸ ಬಿದ್ದಿತ್ತು, ಉಳಿದವರೂ ಬಂದರು. ಬೀದಿಯಲ್ಲಿ ಹೋಗುವ ಮಾರಿಯನ್ನು ಯಾರದೋ ಮನೆಗೆ ಕರೆತಂದು ಬಿಟ್ಟೆವು.

ಮೂರನೇ ತಾರೀಕಿನ ಪುಟದಲ್ಲಿ "ಎಲ್ಲಿಗೆ ಎಂದು ನನಗೆ ಗೊತ್ತಿರಲಿಲ್ಲ" ಎಂದು ಬರೆದಿದ್ದೇನೆ. ಅದು ಸುಳ್ಳು. ಒಂದು ಸಲ ನಾನು, ಗ್ಲೋರಿಯಾ ಹಟ ಮಾಡಿ ಟೆಂಪೋದ ಹಿಂದೆ ಕೂತು ಬಂದಿದ್ದೆವು. ಇಬ್ಬರು ಹಿಡಿದು, ಒಂದು ಎರಡು ಮೂರು ಎಂದು ತೂಗಿ, ಚೀಲ ಎಸೆದು, ಧೊಪ್ ಎನ್ನುವ ಸದ್ದಿಗೆ ನಕ್ಕಿದ್ದೆವು. ಕೆಳಗೆ ಬಾವಿ ಕಾಣುತ್ತಿತ್ತು. ಆಗ ಆ ಕೋಣೆಗಳು ಇರಲಿಲ್ಲ. ಬಾವಿ ಇತ್ತು.

ಎಪ್ರಿಲ್ 20, ಭಾನುವಾರ

ಮಾಸ್ಟ್ರ ಮನೆಗೆ ಹೋಗಿ ಎಲ್ಲ ಹೇಳಿದೆ. ಅವರು ಜಗಲಿಯಲ್ಲಿ ಕೂತು ಜೂನ್ ಐದಕ್ಕೆ ಮಕ್ಕಳ ಹೆಸರಿನ ಪಟ್ಟಿ ಮಾಡುತ್ತಿದ್ದರು. ಕೇಳುತ್ತಾ ಕೇಳುತ್ತಾ ಕನ್ನಡಕ ತೆಗೆದರು.

"ಹಾಳು ಕೋರೆ ಅಲ್ವಾ, ತುಂಬಿದರೆ ದನಕರು ಬೀಳುವುದು ತಪ್ಪುತ್ತದೆ ಅಂತ ಅಲ್ಲಿಯವರೇ ಜಾಗ ತೋರಿಸಿದ್ದು ಮಗಾ. ನಾನು ಕೆಟ್ಟದಕ್ಕೆ ಮಾಡಿದ್ದಾ?"

"ಇಲ್ಲ ಮಾಸ್ಟ್ರೆ."

"ಕೋಳಿ ಕಸ ನಮ್ಮದಲ್ಲವಲ್ಲ. ನೀನೇ ಹೇಳಿದೆ, ನಮ್ಮ ಚೀಲದಿಂದ ಆ ವಿಷ ಬರುವುದಿಲ್ಲ ಅಂತ. ಮತ್ತೆ ನಮ್ಮ ಹೆಸರು ಎಂತಕ್ಕೆ ಮಾರಾಯ್ತಿ? ಅಡಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ. ಇಪ್ಪತ್ತು ವರ್ಷ ಆಯಿತು ಈ ಸಂಘಕ್ಕೆ."

ಅವರ ಕೈ ಪಟ್ಟಿಯ ಹಾಳೆಯನ್ನು ಮಡಚುತ್ತಾ ಬಿಚ್ಚುತ್ತಾ ಇತ್ತು. ಬಿಸಿಲಿನಲ್ಲಿ ನಿಂತು ನಮಗೆ ಸಾಲು ನಿಲ್ಲುವುದನ್ನು ಕಲಿಸಿದ ಕೈ. ಅವರಿಗೂ ನನ್ನಷ್ಟೇ ಭಯ. ಅದು ನನಗೆ ಎಲ್ಲಕ್ಕಿಂತ ಹೆಚ್ಚು ಹೆದರಿಕೆ ಹುಟ್ಟಿಸಿತು, ಯಾಕೆಂದರೆ ಇಷ್ಟು ದಿನ ಅವರು ಹೆದರದವರು ಎಂದುಕೊಂಡಿದ್ದೆ.

ಹೊರಡುವಾಗ ಗೇಟಿನವರೆಗೆ ಬಂದರು. "ಕೂಸು ಈಗ ಹೇಗುಂಟು?" ಎಂದು ಕೇಳಿದರು. ಒಳ್ಳೆಯದುಂಟು ಎಂದೆ.

ಎಪ್ರಿಲ್ 28, ಸೋಮವಾರ

ಮೇಡಂಗೆ ಚೀಲದ ವಿಷಯ ಹೇಳಿದೆ. ಗುರುವಾರದ ಸುಳ್ಳಿನ ವಿಷಯವನ್ನೂ ಹೇಳಿದೆ.

ಚೀಲದ ವಿಷಯಕ್ಕೆ ಅವರು ತಲೆಯಾಡಿಸಿದರು. "ವರದಿಯಲ್ಲಿ ಆ ಜಾಗದ ಹಿನ್ನೆಲೆ ಬರೆಯಲೇಬೇಕು. ಕಸ ಹಾಕಲು ಶುರು ಮಾಡಿದ್ದು ಒಂದು ಯುವಕ ಸಂಘ ಅಂತ ಬರೆದರೆ ಸಾಕು, ನಿನ್ನ ಹೆಸರು ಬೇಕಂತ ಇಲ್ಲ." ಗುರುವಾರದ ವಿಷಯಕ್ಕೆ ನನ್ನ ಲ್ಯಾಬ್ ಪುಸ್ತಕ ತರಿಸಿ ಆ ದಿನದ ಪುಟ ಓದಿದರು. ಕೊನೆಗೆ "ಪಿಎಚ್.ಡಿ. ವಿಷಯ ಈಗ ಬೇಡ. ಈ ಕೆಲಸ ಮುಗಿಸು, ನಾನು ಯೋಚನೆ ಮಾಡಬೇಕು" ಎಂದರು. ಗದರಲಿಲ್ಲ.

ಸಂಜೆ ಕೂತು ವರದಿ ಬರೆದೆ. ಹುಲಿಗೆವ್ವನ ಬಾವಿಯ ಪುಟಕ್ಕೆ ನಾಲ್ಕು ಗಂಟೆ ಹಿಡಿಯಿತು. ಸಂಘದ ಹೆಸರು ಹಾಕಿದೆ. ಅದರ ಕೆಳಗೆ, ಈ ವರದಿ ಬರೆದವಳು ಆಗ ಆ ಸಂಘದ ಸದಸ್ಯೆ, ಎಂದು ಸೇರಿಸಿದೆ. ಅಳಿಸಿದೆ. ಪುನಃ ಬರೆದೆ.

ಮೇ 6, ಮಂಗಳವಾರ

ನೀರಿನ ಇನ್ನೊಂದು ಮಾದರಿ ತೆಗೆಯಲು ಹೋಗಿದ್ದೆ. ಯಾವುದೋ ಕಾರಣಕ್ಕೆ ಸೈಟಿನಲ್ಲಿ ಕೆಲಸ ಇರಲಿಲ್ಲ, ಎಲ್ಲರೂ ಮನೆಯಲ್ಲಿದ್ದರು. ಹುಲಿಗೆವ್ವ ಚಾಪೆ ಹಾಸಿದಳು, ಟ್ಯಾಂಕರಿನ ನೀರಿನಲ್ಲಿ ಚಹಾ ಮಾಡಿದಳು. ನಾಗವೇಣಿ ಶಶಿಕಲಾಳನ್ನು ನನ್ನ ತೊಡೆಯ ಮೇಲೆ ಮಲಗಿಸಿದಳು. ಅವಳು ನನ್ನ ಕಿರುಬೆರಳು ಹಿಡಿದು ಬಾಯಿಗೆ ಹಾಕಿಕೊಂಡಳು.

"ಇಷ್ಟು ದಿನ ಆತು, ನಿಮ್ಮ ಹೆಸರಽ ಕೇಳಲಿಲ್ಲ ನೋಡ್ರಿ ನಾವು" ಎಂದಳು ಹುಲಿಗೆವ್ವ. "ಊರಾಗ ದೇವಿಗೆ ಹರಕಿ ಹೊತ್ತೀನಿ. ಕೂಸಿನ ಹೆಸರಿನ ಜೋಡಿ ನಿಮ್ಮ ಹೆಸರೂ ಹೇಳಬೇಕಂತ ಮಾಡೀನಿ. ಏನ್ರಿ ಹೆಸರು?"

ಬೇರೆ ಏನಾದರೂ ಹೇಳಬಹುದಿತ್ತು. ಅಮ್ಮನ ಹೆಸರು ನಾಲಗೆಯ ತುದಿಗೆ ಬಂದಿತ್ತು, ಪ್ರಫುಲ್ಲಾ. ದೇವಿಯ ಮುಂದೆ ಯಾವ ಹೆಸರಾದರೇನು?

"ಯಶ್ಮಿತಾ" ಎಂದೆ.

ಯಮನೂರ ಲೋಟ ಕೆಳಗಿಟ್ಟ. "ಯಶ್ಮಿತಾ ಅಂದ್ರ... ಬಚ್ಚಲದಾಗ ಐತಲ್ರಿ ಅದು. ದಿನಾ ಜಳಕಾ ಮಾಡ್ಕೋತ ಓದ್ತೀನಿ. ಯಾವುದೋ ಕಂಪನಿ ಹೆಸರು ಅನ್ಕೊಂಡಿದ್ದೆ."

"ಕಂಪನಿ ಅಲ್ಲ. ನಾನು" ಎಂದೆ. ಆಮೇಲೆ ಎಲ್ಲ ಹೇಳಿದೆ. ಕಡಲು, ಚೀಲ, ಟೆಂಪೋ, ದಾರಿ. ಕುದಿಸಿ ಎಂದದ್ದು ತಪ್ಪು ಎಂದೆ. ನೀರು ಕೆಟ್ಟಿದೆ ಎಂದು ಬುಧವಾರವೇ ಗೊತ್ತಾಗಿತ್ತು, ಈ ಚೀಲ ಯಾರಾದರೂ ನೋಡಿಯಾರು ಎಂದು ಹೆದರಿ ಶನಿವಾರ ಬಂದೆ, ಎಂದೆ. ಹೇಳುವಾಗ ಮಗುವಿನ ತಲೆಯನ್ನೇ ನೋಡುತ್ತಿದ್ದೆ. ಮಗುವಿನ ತಲೆಯ ನಡುವೆ ಮೆತ್ತಗಿನ ಜಾಗ ಮೇಲೆ ಕೆಳಗೆ ಆಗುತ್ತಿತ್ತು.

ನಾಗವೇಣಿ ಎದ್ದು ಬಂದು ಮಗುವನ್ನು ನನ್ನ ತೊಡೆಯಿಂದ ಎತ್ತಿಕೊಂಡಳು. ಒಳಗೆ ಹೋಗಿ ಬಾಗಿಲು ಹಾಕಿದಳು. ಕಿರುಬೆರಳು ಇನ್ನೂ ಒದ್ದೆಯಾಗಿತ್ತು.

ಯಮನೂರ ನೆಲ ನೋಡುತ್ತಿದ್ದ. "ಮೂರು ದಿನ" ಎಂದ, ಅಷ್ಟೇ.

ಹುಲಿಗೆವ್ವ ಹಿಂದಕ್ಕೆ ಹೋದಳು. ಹಗ್ಗ ಬಿಚ್ಚುವ ಸದ್ದು ಕೇಳಿಸಿತು. ಚೀಲ ತಂದು, ಜಾಡಿಸಿ, ಸೀರೆ ಮಡಚುವ ಹಾಗೆ ನಾಲ್ಕು ಮಡಿಕೆ ಮಾಡಿ ನನ್ನ ಕೈಗಿಟ್ಟಳು.

"ನಿಮ್ಮದನ್ನ ನೀವು ಒಯ್ಯಿರಿ."

ನಾನು ಎದ್ದೆ. ಅಂಗಳ ದಾಟುವಷ್ಟರಲ್ಲಿ ಹಿಂದಿನಿಂದ ಕರೆದಳು. ಅಳು ಇರಲಿಲ್ಲ, ಸಿಟ್ಟೂ ಇರಲಿಲ್ಲ ದನಿಯಲ್ಲಿ. "ಉಳಿದಾವನ್ನೂ ಒಯ್ಯಿರಿ. ಮಳಿ ಬರೋದ್ರೊಳಗ."

ಬಸ್ಸಿನಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಕಂಡಕ್ಟರ್ "ಎಂತ ಯಶ್ಮಿತಾ ಮೇಡಂ, ಖಾಲಿ ಚೀಲ ಹಿಡಿದುಕೊಂಡು ಹೊರಟದ್ದು?" ಎಂದು ತಮಾಷೆ ಮಾಡಿದ. ನನ್ನ ಹೆಸರು ಇವನಿಗೆ ಹೇಗೆ ಗೊತ್ತು ಎಂದು ಬೆಚ್ಚಿದೆ. ಆಮೇಲೆ ನೋಡಿದರೆ ಐಡಿ ಕಾರ್ಡು ಸರಿಯಾಗಿಯೇ ತಿರುಗಿ ನೇತಾಡುತ್ತಿತ್ತು. ಯಾವಾಗ ತಿರುಗಿಸಿಕೊಂಡೆನೋ ನೆನಪಿಲ್ಲ.

ಮೇ 7, ಬುಧವಾರ

ಬೆಳಿಗ್ಗೆ ಬಚ್ಚಲಿಗೆ ಕಟ್ಟಲು ಒಂದು ಟಾರ್ಪಾಲು ತೆಗೆದುಕೊಂಡೆ. ಅವರು ತೆಗೆದುಕೊಳ್ಳುತ್ತಾರೋ ಇಲ್ಲವೋ.

ಮಾಸ್ಟ್ರಿಗೆ ಫೋನು ಮಾಡಿ, ಜೂನ್ ಐದರ ತನಕ ಕಾಯಲು ಆಗುವುದಿಲ್ಲ, ಮಳೆ ಅದಕ್ಕಿಂತ ಮೊದಲೇ ಬರುತ್ತದೆ, ಸನ್ಮಾನ ಬೇಡ, ನಾಳೆಯಿಂದ ನಮ್ಮ ಚೀಲ ಎತ್ತಲು ಕೋರೆಯಲ್ಲಿರುತ್ತೇನೆ ಎಂದೆ. ಮಾಸ್ಟ್ರು "ಸುಂದರನ ಟೆಂಪೋ ಈಗ ಇಲ್ಲ" ಎಂದರು. ಫೋನು ಇಟ್ಟರು. ಹತ್ತು ನಿಮಿಷ ಬಿಟ್ಟು ಅವರೇ ಮಾಡಿ, "ಗ್ಲೌಸು ಎಷ್ಟು ಬೇಕು?" ಎಂದು ಕೇಳಿದರು.

ಅಮ್ಮನಿಗೆ ಇನ್ನೂ ಹೇಳಿಲ್ಲ. ಬ್ಲೌಸು ಹೊಲಿದು ಬಂದಿದೆ. ಪಂಚಾಯತಿನವರು ಎಂತ ಹೇಳುತ್ತಾರೋ, ಕೋಳಿಯಂಗಡಿಯವರು ಜಗಳಕ್ಕೆ ಬರುತ್ತಾರೋ, ನಾಗವೇಣಿ ಆ ಬಾಗಿಲು ತೆಗೆಯುತ್ತಾಳೋ ಇಲ್ಲವೋ, ಒಂದೂ ಗೊತ್ತಿಲ್ಲ. ಭಯ ಇದ್ದ ಹಾಗೆಯೇ ಇದೆ, ಎಳ್ಳಷ್ಟೂ ಕಡಿಮೆಯಾಗಿಲ್ಲ.

ನನ್ನ ಹೆಸರಿನವು ಇನ್ನೂ ನೂರ ಮೂವತ್ತೊಂಬತ್ತು ಉಂಟು. ಬೆಳಿಗ್ಗೆ ಆರೂವರೆಯ ಬಸ್ಸಿಗೆ ಹೋಗಬೇಕು.